ಮಾವ ಇಲ್ಲದವರ ವಿಸಿಟಿಂಗ್ ಕಾರ್ಡ್

📌 1/8

"ವಿಸಿಟಿಂಗ್ ಕಾರ್ಡ್ ಕಾಲ ಮುಗೀತು ಗುರೂ, ಈಗೇನಿದ್ರೂ ಲಿಂಕ್ಡ್‌ಇನ್."

ಈ ಡೈಲಾಗ್ ಇರೋ ರೀಲ್ ನಿಮ್ಮ ಫೀಡ್‌ಗೂ ಬಂದಿರುತ್ತೆ. ಹೇಳೋರು ಬೆಂಗಳೂರಿನ ಯಾವುದೋ ಎಸಿ ಆಫೀಸಲ್ಲಿ ಕೂತು ಹೇಳ್ತಾರೆ. ಅವರ ಮಟ್ಟಿಗೆ ಅದು ನಿಜಾನೇ ಇರಬಹುದು. ಆದ್ರೆ ನಾವು ದಾವಣಗೆರೆಯ ಬಿಕಾಂ ವಿದ್ಯಾರ್ಥಿಗಳು, ನಮ್ಮ ಲೆಕ್ಕ ಬೇರೆ.

ನಮ್ಮ ಕ್ಲಾಸಿನ ಎಷ್ಟೋ ಜನಕ್ಕೆ ಮೊದಲ ಕೆಲಸ ಎಲ್ಲಿ ಸಿಗುತ್ತೆ ಹೇಳಿ? ಆಡಿಟರ್ ಆಫೀಸಲ್ಲಿ. ಮಂಡಿಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ. ರೈಸ್ ಮಿಲ್‌ನಲ್ಲಿ, ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ, ಬಟ್ಟೆ ಶೋರೂಮಿನ ಅಕೌಂಟ್ಸ್ ಕೌಂಟರಲ್ಲಿ, ಪತ್ತಿನ ಸಹಕಾರ ಸಂಘದಲ್ಲಿ.

ಒಂದ್ಸಲ ಅಂಥ ಕಡೆ ಹೋಗಿ ಯಜಮಾನರ ಮೇಜು ನೋಡಿ. ಗಾಜಿನ ಕೆಳಗೆ ಸಾಲಾಗಿ ಕಾರ್ಡು. ಡ್ರಾಯರ್ ಎಳೆದ್ರೆ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟು. ಲಾರಿ ಏಜೆಂಟ್, ಯುಪಿಎಸ್ ರಿಪೇರಿಯವರು, ಟ್ಯಾಲಿ ಸರ್ವಿಸ್ ಹುಡುಗ, ಇನ್ಶೂರೆನ್ಸ್‌ನವರು, ಎಲ್ಲರೂ ಅದರೊಳಗೇ ಇದ್ದಾರೆ. ಯಾರಾದ್ರೂ ಬೇಕಾದಾಗ ಆ ಕಟ್ಟು ಬಿಚ್ಚುತ್ತಾರೆ. ನೀವು ಕಳಿಸಿದ ಲಿಂಕ್ಡ್‌ಇನ್ ರಿಕ್ವೆಸ್ಟ್ ಬಂದಿದೆಯೋ ಇಲ್ಲವೋ ಅನ್ನೋದು ಅವರಿಗೇ ಗೊತ್ತಿರಲ್ಲ.

ಈ ಎಂಟು ಪೋಸ್ಟ್‌ಗಳಲ್ಲಿ ನನ್ನ ವಾದ ಇಷ್ಟೇ. ಕಾರ್ಡ್ ನಿಜವಾಗಿ ಬೇಕಿರೋದು ದೊಡ್ಡವರ ಮಕ್ಕಳಿಗಲ್ಲ, ಪರಿಚಯ ಇಲ್ಲದ ನಮ್ಮಂಥವರಿಗೆ. ಮತ್ತೆ ನಾವು ಕೊಡೋ ಕಾರ್ಡಿಗಿಂತ ಎದುರಿನವರಿಂದ ತಗೊಳ್ಳೋ ಕಾರ್ಡೇ ಹೆಚ್ಚು ಕೆಲಸಕ್ಕೆ ಬರುತ್ತೆ.

ಬೈಬೇಕು ಅನ್ನಿಸಿದ್ರೆ ಎಂಟೂ ಓದಿ ಆಮೇಲೆ ಬೈರಿ.

📌 2/8

ಕ್ಲಾಸಲ್ಲಿ ಎರಡು ಥರ ಜನ ಇದ್ದೀವಿ, ಒಪ್ಕೊಳ್ಳಿ.

ಒಂದು, ಮಾವ ಇರೋರು. ಸೋದರಮಾವ ಬ್ಯಾಂಕ್ ಮ್ಯಾನೇಜರ್, ಅಪ್ಪನ ಸ್ನೇಹಿತರು ಆಡಿಟರ್, ದೊಡ್ಡಪ್ಪನಿಗೆ ಮಿಲ್. ಇವರಿಗೆ ಇಂಟರ್ನ್‌ಶಿಪ್ ಒಂದು ಫೋನ್ ಕಾಲ್. "ನಮ್ಮ ಹುಡುಗ, ಸ್ವಲ್ಪ ನೋಡ್ಕೊಳ್ಳಿ" ಅಂದ್ರೆ ಮುಗೀತು.

ಇನ್ನೊಂದು, ಮಾವ ಇಲ್ಲದವರು. ಅಪ್ಪ ಹೊಲ ನೋಡ್ಕೊಳ್ತಾರೆ, ಇಲ್ಲ ಆಟೋ ಓಡಿಸ್ತಾರೆ, ಅಮ್ಮ ಹೊಲಿಗೆ ಹಾಕ್ತಾರೆ. ಮಾರ್ಕ್ಸ್ ಇದೆ, ಟ್ಯಾಲಿ ಗೊತ್ತು, ಆದ್ರೆ "ನಮ್ಮ ಹುಡುಗಿ" ಅಂತ ಹೇಳೋಕೆ ಆ ಕಡೆ ಯಾರೂ ಇಲ್ಲ.

ಇದಕ್ಕೆ ನಾವು "ಇನ್‌ಫ್ಲುಯೆನ್ಸ್ ಇದ್ರೇನೇ ಎಲ್ಲ" ಅಂತ ಹೇಳಿ ಕ್ಯಾಂಟೀನಲ್ಲಿ ಕೂತ್ಕೊಳ್ತೀವಿ. ಅರ್ಧ ಸತ್ಯ ಅದು. ಇನ್ನರ್ಧ ಕೇಳಿ.

1973ರಲ್ಲಿ ಮಾರ್ಕ್ ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ ಒಂದು ಲೇಖನ ಬರೆದ್ರು. ಬಾಸ್ಟನ್ ಪಕ್ಕದ ನ್ಯೂಟನ್ ಊರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕಿದವರನ್ನ ಕೇಳಿದ್ರು: ಆ ಪರಿಚಯದವರನ್ನ ಎಷ್ಟು ಸಲ ನೋಡ್ತಿದ್ರಿ? ಆಗಾಗ ಅಂದವರು 16.7%. ಯಾವಾಗಲಾದ್ರೂ ಅಂದವರು 55.6%. ಅಪರೂಪಕ್ಕೆ ಅಂದವರು 27.8%. ಅಂದ್ರೆ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನಕ್ಕೆ ದಾರಿ ತೋರಿಸಿದ್ದು ಅಷ್ಟೇನೂ ಹತ್ತಿರದವರಲ್ಲ. ಚಿಕ್ಕ ಸರ್ವೆ ಅಂತೀರಾ? 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗ ಬಂತು. ಅಲ್ಲೂ ತೀರಾ ಆಪ್ತರಿಗಿಂತ ಸಾಧಾರಣ ಪರಿಚಯದವರೇ ಕೆಲಸ ಬದಲಿಸೋಕೆ ಹೆಚ್ಚು ನೆರವಾದ್ರು.

ಕಾರಣ ಸುಲಭ. ನಿಮ್ಮ ಆಪ್ತ ಸ್ನೇಹಿತನಿಗೆ ಗೊತ್ತಿರೋದೆಲ್ಲ ನಿಮಗೂ ಗೊತ್ತು. ಹೊಸ ಸುದ್ದಿ ಬರೋದು ಬೇರೆ ಗುಂಪಿನವರಿಂದ.

ಮಾವನನ್ನ ಹುಟ್ಟಿಸೋಕೆ ಆಗಲ್ಲ. ಸಾಧಾರಣ ಪರಿಚಯ ಹುಟ್ಟಿಸಬಹುದು. ಎರಡು ನಿಮಿಷದ ಮಾತು ಮರೆತು ಹೋಗದ ಹಾಗೆ ಹಿಡಿದಿಡೋ ಚೀಟಿಯೇ ಕಾರ್ಡು.

📌 3/8

ಈಗ ನಮ್ಮವರಿಗೇ ಬೈಯೋ ಸರದಿ.

ಸೆಕೆಂಡ್ ಇಯರ್‌ನಲ್ಲೇ "ಫೌಂಡರ್ ಅಂಡ್ ಸಿಇಒ" ಅಂತ ಕಾರ್ಡ್ ಹೊಡೆಸಿರೋ ಸಿಇಒಗಳೇ, ನಿಮ್ಮ ಕಂಪನಿಯಲ್ಲಿ ನೀವೊಬ್ರೇ ಇದ್ದೀರಿ, ಅದೂ ಇಂಟರ್ನಲ್ಸ್ ಇದ್ದಾಗ ರಜೆ. "ಎಂಟ್ರಪ್ರೆನರ್, ಮೋಟಿವೇಟರ್, ಇನ್ವೆಸ್ಟರ್, ಡ್ರೀಮರ್" ಅಂತ ನಾಲ್ಕು ಸಾಲು ಓದಿದ ಮೇಲೂ ನಿಮಗೆ ಯಾವ ಕೆಲಸ ಬರುತ್ತೆ ಅಂತ ಯಜಮಾನರಿಗೆ ತಿಳಿಯಲ್ಲ. ಡ್ರೀಮರ್‌ಗೆ ಸಂಬಳ ಕೊಡೋ ಅಂಗಡಿ ಮಂಡಿಪೇಟೆಯಲ್ಲಿ ಇಲ್ಲ.

ನಾವು ಸೇರಬೇಕು ಅಂತಿರೋ ವೃತ್ತಿ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಅಂತ ಗೊತ್ತಾ? 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಆಕ್ಟ್ ತೆಗೀರಿ. ಮೊದಲನೇ ಶೆಡ್ಯೂಲ್, ಮೊದಲನೇ ಭಾಗ, 7ನೇ ಕ್ಲಾಸ್. ಪ್ರಾಕ್ಟೀಸ್ ಮಾಡೋ ಸಿಎ ವಿಸಿಟಿಂಗ್ ಕಾರ್ಡಲ್ಲಿ ಮನಸಿಗೆ ಬಂದ ಬಿರುದು ಹಾಕ್ಕೊಳ್ಳೋ ಹಾಗಿಲ್ಲ. ಕಾಯ್ದೆಯಲ್ಲೇ "ವಿಸಿಟಿಂಗ್ ಕಾರ್ಡ್" ಅನ್ನೋ ಪದ ಇದೆ! ಅಷ್ಟು ವರ್ಷ ಓದಿ ಪಾಸಾದವರಿಗೇ ಈ ಲಗಾಮು. ಸದಸ್ಯರಲ್ಲದವರು ಚಾರ್ಟರ್ಡ್ ಅಕೌಂಟೆಂಟ್ ಅಂತ ಹೇಳ್ಕೊಂಡ್ರೆ ಅದೇ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. ಆದ್ದರಿಂದ ಫೌಂಡೇಶನ್‌ಗೆ ಫೀಸ್ ಕಟ್ಟಿದ ಮಾತ್ರಕ್ಕೆ ಹೆಸರಿನ ಹಿಂದೆ "ಸಿಎ" ಅಂಟಿಸ್ಬೇಡಿ.

ಹಾಗಾದ್ರೆ ಏನು ಹಾಕೋದು? ಹೆಸರು. "ಬಿಕಾಂ ಕೊನೆಯ ವರ್ಷ", ಊರು. ಬರೋ ಕೆಲಸ ಒಂದೇ ಸಾಲಲ್ಲಿ: "ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್ ತಯಾರಿ, ಎಕ್ಸೆಲ್". ಒಂದು ಇ-ಮೇಲ್, ಅದೂ ಕೂಲ್‌ಬಾಯ್_ರಾಕಿ ಥರದ್ದಲ್ಲ, ನಿಮ್ಮ ಹೆಸರಿನದ್ದು. ಒಂದು ನಂಬರ್ (ಹುಡುಗಿಯರು 7ನೇ ಭಾಗ ಓದಿ ತೀರ್ಮಾನ ಮಾಡಿ). ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ನಮ್ಮೂರಿನ ಯಜಮಾನರು ಕನ್ನಡದ ಬದೀನೇ ಓದ್ತಾರೆ.

"ವಿದ್ಯಾರ್ಥಿ" ಅಂತ ಬರ್ಕೊಳ್ಳೋದು ಕಡಿಮೆ ಅಲ್ಲ ಕಣ್ರಪ್ಪಾ. ಈ ವಯಸ್ಸಲ್ಲಿ ಯಾರ ಬಾಗಿಲಿಗಾದ್ರೂ ಹೋಗಿ "ಕಲಿಯೋಕೆ ಬಂದೆ" ಅನ್ನಬಹುದು. ಸಿಇಒ ಹಾಗನ್ನೋಕಾಗಲ್ಲ.

📌 4/8

ಪ್ರಿಂಟಿಂಗ್ ವಿಷಯ. ಇಲ್ಲಿ ದುಡ್ಡು ಹಾಳು ಮಾಡೋರೇ ಜಾಸ್ತಿ.

"ಸಾವಿರ ಹೊಡೆಸಿ, ಶಿವಕಾಶಿಯಿಂದ ತರಿಸ್ತೀವಿ, ಒಂದೊಂದಕ್ಕೆ ಪೈಸೆ ಲೆಕ್ಕ" ಅಂತ ಅಂಗಡಿಯವರು ಹೇಳ್ತಾರೆ. ಬೇಡ. ಇಪ್ಪತ್ತನೇ ವಯಸ್ಸಲ್ಲಿ ಸಾವಿರ ಕಾರ್ಡ್ ಯಾಕೆ? ಇನ್ನು ಆರು ತಿಂಗಳಿಗೆ ನಿಮ್ಮ ಸೆಮ್ ಬದಲಾಗುತ್ತೆ, ಕಲಿತ ಕೆಲಸ ಬದಲಾಗುತ್ತೆ. ಡಿಜಿಟಲ್ ಪ್ರಿಂಟ್‌ನಲ್ಲಿ ನೂರು ಸಾಕು. ಒಂದು ಸಿನಿಮಾ, ಒಂದು ಪಾಪ್‌ಕಾರ್ನ್ ಬಿಟ್ರೆ ಆ ದುಡ್ಡು ಹೊಂದುತ್ತೆ.

ಅಳತೆ 3.5 ಇಂಚು, 2 ಇಂಚು. ಪರ್ಸಿಗೂ ಹೊಂದುತ್ತೆ, ಅವರ ರಬ್ಬರ್ ಬ್ಯಾಂಡ್ ಕಟ್ಟಿಗೂ ಹೊಂದುತ್ತೆ. ರೌಂಡ್, ಎಲೆ ಆಕಾರ, ಪಾರದರ್ಶಕ ಪ್ಲಾಸ್ಟಿಕ್ ಅಂತೆಲ್ಲ ಹೋಗ್ಬೇಡಿ. ಕಟ್ಟಿಗೆ ಸೇರದ ಕಾರ್ಡು ಕಸದ ಬುಟ್ಟಿಗೆ ಸೇರುತ್ತೆ.

ಮಿರಿಮಿರಿ ಗ್ಲಾಸಿ ಲ್ಯಾಮಿನೇಷನ್ ಮೇಲೆ ಪೆನ್ನು ಓಡಲ್ಲ. ಕನ್ನಡದ ಬದಿಯಲ್ಲಾದ್ರೂ ಲ್ಯಾಮಿನೇಷನ್ ಬೇಡ ಅನ್ನಿ, ಒಂದಿಷ್ಟು ಖಾಲಿ ಜಾಗ ಬಿಡಿಸಿ. ನಿಮ್ಮ ಬಗ್ಗೆ ಅವರು ಏನಾದ್ರೂ ಗೀಚೋಕೆ ಜಾಗ ಬೇಡ್ವಾ?

ಅಕ್ಷರ ದೊಡ್ಡದಿರಲಿ. ಕಾರ್ಡ್ ಓದೋರು ಐವತ್ತು ದಾಟಿದವರು, ಕನ್ನಡಕ ಇನ್ನೊಂದು ರೂಮಲ್ಲಿರುತ್ತೆ.

ಕ್ಯೂಆರ್ ಕೋಡ್ ಹಾಕೋದಾದ್ರೆ ಒಂದು ಎಚ್ಚರ. ಎಷ್ಟೋ ಫ್ರೀ ವೆಬ್‌ಸೈಟ್‌ಗಳು ಕೊಡೋದು ಡೈನಾಮಿಕ್ ಕೋಡ್. ಅದು ಮೊದಲು ಅವರ ಲಿಂಕ್‌ಗೆ ಹೋಗಿ ಅಲ್ಲಿಂದ ನಿಮ್ಮ ಕಡೆ ಬರುತ್ತೆ. ಟ್ರಯಲ್ ಮುಗಿದ ದಿನ ನಿಮ್ಮ ನೂರು ಕಾರ್ಡಿನ ಕೋಡೂ ಸತ್ತ ಹಾಗೆ. ಸ್ಟ್ಯಾಟಿಕ್ ವಿಕಾರ್ಡ್ ಕೋಡ್ ಮಾಡಿಸಿ. ಹೆಸರು, ನಂಬರ್ ಎಲ್ಲ ಕೋಡ್ ಒಳಗೇ ಇರುತ್ತೆ, ಸ್ಕ್ಯಾನ್ ಮಾಡಿದ್ರೆ ಕಾಂಟ್ಯಾಕ್ಟ್ ಸೇವ್ ಮಾಡೋದಾ ಅಂತ ಫೋನೇ ಕೇಳುತ್ತೆ. 2 ಸೆಂಟಿಮೀಟರ್‌ಗಿಂತ ಚಿಕ್ಕದು ಮಾಡ್ಬೇಡಿ.

ಪ್ರೂಫ್ ಬಂದಾಗ ಕಣ್ಣಲ್ಲಿ ಓದಿ ಓಕೆ ಅನ್ಬೇಡಿ. ಅದರಲ್ಲಿರೋ ನಂಬರ್ ನೋಡಿ ಗೆಳತಿಯ ಫೋನಿಂದ ಡಯಲ್ ಮಾಡಿ. ನಿಮ್ಮ ಫೋನ್ ರಿಂಗ್ ಆದ್ರೆ ಮಾತ್ರ ಓಕೆ.

📌 5/8

ಕೊಡೋದು ಹೇಗೆ?

ಕಾಮರ್ಸ್ ಫೆಸ್ಟ್‌ಗಳಲ್ಲಿ ನೋಡಿದ್ದೀನಿ. ಅತಿಥಿ ವೇದಿಕೆ ಇಳಿಯೋದೇ ತಡ, ಹತ್ತು ಕೈ ಹತ್ತು ಕಾರ್ಡ್ ಚಾಚುತ್ತೆ. ಬಸ್ ಸ್ಟ್ಯಾಂಡಲ್ಲಿ ಪೈಲ್ಸ್ ಕ್ಲಿನಿಕ್ ಪಾಂಪ್ಲೆಟ್ ಹಂಚೋರಿಗೂ ನಮಗೂ ಏನು ವ್ಯತ್ಯಾಸ? ಅವರಿಗಾದ್ರೂ ದಿನಗೂಲಿ ಸಿಗುತ್ತೆ.

ನಮ್ಮ ಮನೆಗಳಲ್ಲಿ ಈ ಪಾಠ ಇದೆ, ನಾವೇ ಗಮನಿಸಿಲ್ಲ. ಮದುವೆ ಕಾರ್ಡ್ ಕೊಡೋಕೆ ಅಪ್ಪ ಅಮ್ಮ ಹೋಗೋದು ನೋಡಿದ್ದೀರಲ್ಲ? ಒಳಗೆ ಹೋಗಿ ಕೂತು, ನೀರು ಕುಡಿದು, ಎಲ್ಲರ ಆರೋಗ್ಯ ವಿಚಾರಿಸಿ, ಕುಂಕುಮ ಕೊಟ್ಟು, ಕೊನೆಗೆ ಕಾರ್ಡ್ ಕೈಗಿಟ್ಟು "ಎಲ್ಲರೂ ಬರಲೇಬೇಕು" ಅಂತಾರೆ. ಗೇಟಲ್ಲೇ ಕಾರ್ಡ್ ಕೊಟ್ಟು ಹೋದ್ರೆ? "ಬಾಯಿಮಾತಿಗೂ ಕರೀಲಿಲ್ಲ" ಅಂತ ಹತ್ತು ವರ್ಷ ಆಡ್ಕೊಳ್ತಾರೆ. ಕರೆಯೋದು ಬಾಯಿ, ಕಾರ್ಡು ನೆನಪಿಗೆ. ವಿಸಿಟಿಂಗ್ ಕಾರ್ಡಿಗೂ ಇದೇ ನಿಯಮ.

ಮೊದಲು ಮಾತು. ಅವರು ಹೇಳಿದ್ದರಲ್ಲೇ ಒಂದು ಪ್ರಶ್ನೆ. ಉತ್ತರ ಪೂರ್ತಿ ಕೇಳಿ. ಹೊರಡುವಾಗ ಬಲಗೈಯಲ್ಲಿ, ಅಕ್ಷರ ಅವರ ಕಡೆ ತಿರುಗಿರೋ ಹಾಗೆ ಕೊಡಿ. ಜಪಾನಲ್ಲಿ ಕಾರ್ಡಿಗೆ ಮೇಶಿ ಅಂತಾರೆ. ಎರಡೂ ಕೈಯಲ್ಲಿ ಕೊಟ್ಟು, ಎರಡೂ ಕೈಯಲ್ಲಿ ತಗೊಂಡು, ಓದಿ, ಮೀಟಿಂಗ್ ಮುಗಿಯೋವರೆಗೂ ಮೇಜಿನ ಮೇಲೆ ಇಟ್ಕೊಳ್ತಾರೆ. ಅಷ್ಟು ಶಾಸ್ತ್ರ ನಮಗೆ ಬೇಡ. ತಗೊಂಡ ಕಾರ್ಡನ್ನ ಓದದೇ ಜೀನ್ಸ್ ಹಿಂದಿನ ಜೇಬಿಗೆ ತುರುಕಿ ಅದರ ಮೇಲೇ ಕೂರೋದಂತೂ ಬೇಡ್ವೇ ಬೇಡ.

ಆಡಿಟರ್ ಆಫೀಸಿಗೆ ಹೋಗೋದಾದ್ರೆ ಕ್ಯಾಲೆಂಡರ್ ನೋಡಿ. ತಿಂಗಳ ಲೆಕ್ಕದಲ್ಲಿ ಫೈಲ್ ಮಾಡೋರಿಗೆ ಜಿಎಸ್‌ಟಿಆರ್-1 ಕೊನೆ ದಿನ 11, ಜಿಎಸ್‌ಟಿಆರ್-3ಬಿ ಕೊನೆ ದಿನ 20. ಹತ್ತನೇ ತಾರೀಕೋ ಹತ್ತೊಂಬತ್ತನೇ ತಾರೀಕೋ ಹೋಗಿ "ಸರ್, ಇಂಟರ್ನ್‌ಶಿಪ್" ಅಂದ್ರೆ ಅವರು ತಲೆ ಎತ್ತಿ ಕೂಡ ನೋಡಲ್ಲ. 22ಕ್ಕೆ ಹೋಗಿ. ಬಿಕಾಂ ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಗ್ಲಿ.

📌 6/8

ಈ ಸರಣಿಯಲ್ಲಿ ಒಂದೇ ಒಂದು ಸೇವ್ ಮಾಡೋದಾದ್ರೆ ಇದನ್ನ ಮಾಡಿ.

ನಿಮ್ಮ ಕಾರ್ಡ್ ಅವರ ಹತ್ರ ಇದೆ ಅಂದ್ರೆ ಏನರ್ಥ? ಅವರಿಗೆ ನೆನಪಾಗಬೇಕು, ಅವರು ಹುಡುಕಬೇಕು, ಅವರೇ ಫೋನ್ ಮಾಡಬೇಕು. ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ಯಾವ ಮಿಲ್ ಮಾಲೀಕರು ತಾವಾಗಿ ಫೋನ್ ಮಾಡ್ತಾರೆ? ಅವರ ಕಾರ್ಡ್ ನಿಮ್ಮ ಹತ್ರ ಇದ್ರೆ ಮುಂದಿನ ಹೆಜ್ಜೆ ನಿಮ್ಮ ಕೈಯಲ್ಲಿರುತ್ತೆ. ಆದ್ದರಿಂದ ಕೇಳಿ: "ಸರ್, ನಿಮ್ಮ ಕಾರ್ಡ್ ಒಂದು ಸಿಗುತ್ತಾ? ಏನಾದ್ರೂ ಡೌಟ್ ಬಂದ್ರೆ ಕೇಳ್ತೀನಿ." ನಗುನಗ್ತಾ ಕೊಡೋರೇ ಹೆಚ್ಚು.

ತಗೊಂಡ ಮೇಲೆ ಪಕ್ಕಕ್ಕೆ ಬಂದು ಹಿಂದೆ ಮೂರು ಸಂಗತಿ ಬರೀರಿ: ತಾರೀಕು, ಜಾಗ, ಅವರು ಹೇಳಿದ ಒಂದು ಮಾತು. ಅವರ ಕಣ್ಣೆದುರೇ ಬರೀಬೇಡಿ, ಚೆನ್ನಾಗಿರಲ್ಲ.

ಎರಡು ದಿನದೊಳಗೆ ಮೆಸೇಜ್. "ಹಾಯ್ ಸರ್" ಅಂತ ಕಳಿಸಿ ಬ್ಲೂ ಟಿಕ್ ಕಾಯೋದಲ್ಲ. ಹೀಗೆ:

"ನಮಸ್ಕಾರ ಸರ್. ಗುರುವಾರ ಕಾಲೇಜಿನ ಕಾರ್ಯಕ್ರಮದಲ್ಲಿ ಮಾತಾಡಿಸಿದ್ದೆ, ಬಿಕಾಂ ಕೊನೆ ವರ್ಷ. ಪರ್ಚೇಸ್ ರಿಜಿಸ್ಟರ್‌ನ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡೋದು ಕಲೀರಿ ಅಂದಿದ್ರಿ. ಎಕ್ಸೆಲ್‌ನಲ್ಲಿ ಅಭ್ಯಾಸ ಶುರು ಮಾಡಿದ್ದೀನಿ. ಒಂದು ಕಡೆ ಸಿಕ್ಕಾಕ್ಕೊಂಡಿದೆ. ನಿಮಗೆ ಬಿಡುವಿದ್ದಾಗ ಐದು ನಿಮಿಷ ಬಂದು ಕೇಳಬಹುದಾ?"

ಇದರಲ್ಲಿ ಕೆಲಸ ಕೇಳಿಲ್ಲ, ನೋಡಿ. ಅವರು ಹೇಳಿದ್ದನ್ನ ಒಬ್ಬರು ನಿಜವಾಗ್ಲೂ ಮಾಡಿದ್ದಾರೆ ಅಂತ ತೋರಿಸಿದೆ. ಮತ್ತೆ ಅದು ನಿಜ ಆಗಿರಬೇಕು. ಅಭ್ಯಾಸ ಮಾಡದೇ ಮಾಡಿದ್ದೀನಿ ಅಂದ್ರೆ ಮೊದಲ ಐದು ನಿಮಿಷದಲ್ಲೇ ಸಿಕ್ಕಿಬೀಳ್ತೀರಿ.

ಕಾರ್ಡುಗಳನ್ನ ಒಂದು ಎಕ್ಸೆಲ್ ಶೀಟಿಗೆ ಹಾಕಿ: ಹೆಸರು, ಸಂಸ್ಥೆ, ಭೇಟಿಯಾದ ದಿನ, ಮಾತಾಡಿದ ವಿಷಯ, ಮೆಸೇಜ್ ಮಾಡಿದ ದಿನ. ಲೆಡ್ಜರ್ ಬರೆಯೋಕೆ ಮೂರು ವರ್ಷ ಕಲಿತ ನಮಗೆ ಇದು ಕಷ್ಟಾನಾ? ಕೊನೆಯ ಕಾಲಂ ಖಾಲಿ ಇರೋ ಸಾಲೆಲ್ಲ ಬಾಕಿ ಅಂತ ಲೆಕ್ಕ.

📌 7/8

ಇದು ಹುಡುಗಿಯರಿಗೆ. ಹುಡುಗರೂ ಓದಿ, ಕೊನೆಯಲ್ಲಿ ನಿಮಗೂ ಇದೆ.

"ಕಾರ್ಡ್ ಕೊಡಿ, ಧೈರ್ಯವಾಗಿ ಪರಿಚಯ ಮಾಡ್ಕೊಳ್ಳಿ" ಅಂತ ಭಾಷಣ ಮಾಡೋರು ಒಂದು ವಿಷಯ ಹೇಳೋದೇ ಇಲ್ಲ. ನಮ್ಮ ನಂಬರ್ ಇರೋ ನೂರು ಚೀಟಿ ಊರೆಲ್ಲ ಓಡಾಡಿದ್ರೆ ರಾತ್ರಿ ಹನ್ನೊಂದಕ್ಕೆ ಬರೋ "ಊಟ ಆಯ್ತಾ" ಮೆಸೇಜ್‌ಗೆ ಯಾರು ಹೊಣೆ? ರೀಚಾರ್ಜ್ ಅಂಗಡಿಯಲ್ಲಿ ನಂಬರ್ ಜೋರಾಗಿ ಹೇಳೋಕೂ ಹಿಂದೆ ಮುಂದೆ ನೋಡೋರು ನಾವು. ನಂಬರ್ ಹಂಚದವಳಿಗೆ "ಕಾನ್ಫಿಡೆನ್ಸ್ ಇಲ್ಲ" ಅಂತ ಹಣೆಪಟ್ಟಿ ಕಟ್ಟೋದು ಅನ್ಯಾಯ.

ಕಾರ್ಡಲ್ಲಿ ಫೋನ್ ನಂಬರ್ ಇರಲೇಬೇಕು ಅಂತ ಎಲ್ಲೂ ಕಾನೂನಿಲ್ಲ. ಇ-ಮೇಲ್ ಒಂದೇ ಹಾಕಿ. ಬೇಕಾದ್ರೆ ಲಿಂಕ್ಡ್‌ಇನ್ ಕ್ಯೂಆರ್ ಹಾಕಿ. ನಂಬರ್ ಕೊಡ್ಬೇಕು ಅನ್ನಿಸಿದವರಿಗೆ ಮಾತ್ರ ಹಿಂದೆ ಪೆನ್ನಲ್ಲಿ ಬರೆದು ಕೊಡಿ. ಡ್ಯುಯಲ್ ಸಿಮ್ ಇದ್ರೆ ಎರಡನೇ ನಂಬರ್ ಇದಕ್ಕೇ ಇಡಿ, ಅದರ ವಾಟ್ಸ್‌ಆ್ಯಪ್‌ಗೆ ಫೋಟೋ ಬೇಡ. ಮನೆ ವಿಳಾಸ ಯಾವತ್ತೂ ಬೇಡ, "ದಾವಣಗೆರೆ" ಸಾಕು. ಇದು ಹುಡುಗರಿಗೂ ಸೇರಿ.

ಹಿಂದಿನ ಪೋಸ್ಟಲ್ಲಿ ತಗೊಳ್ಳೋದು ಮುಖ್ಯ ಅಂದೆನಲ್ಲ, ಅದು ನಮಗೆ ಎರಡು ಪಟ್ಟು ಮುಖ್ಯ. ಅವರ ಕಾರ್ಡ್ ತಗೊಂಡು ಬಂದು, ಮೊದಲು ಆ ಆಫೀಸಿನ ಬಗ್ಗೆ ಸೀನಿಯರ್ ಅಕ್ಕಂದಿರನ್ನ ವಿಚಾರಿಸಿ, ಸರಿ ಅನ್ನಿಸಿದ್ರೆ ಇ-ಮೇಲ್ ಮಾಡಬಹುದು. ಬೇಡ ಅನ್ನಿಸಿದ್ರೆ ಸುಮ್ಮನಿರಬಹುದು. ಮೊದಲ ಸಲ ಆಫೀಸಿಗೆ ಹೋಗುವಾಗ ಒಬ್ಬ ಗೆಳತಿ ಜೊತೆಗಿರಲಿ, ಇಬ್ಬರೂ ಕಲೀತೀರಿ.

ಇನ್ನು ಎಲ್ಲರಿಗೂ: ಬೇರೆಯವರ ಕಾರ್ಡಿನ ಫೋಟೋ ತೆಗೆದು "ಗ್ರೇಟ್ ಮೀಟಿಂಗ್ ವಿತ್ ಸರ್" ಅಂತ ಸ್ಟೋರಿ ಹಾಕೋದನ್ನ ಇವತ್ತಿಗೇ ನಿಲ್ಲಿಸಿ. ಅದರಲ್ಲಿ ಅವರ ನಂಬರ್ ಇದೆ. ಅವರು ಕೊಟ್ಟಿದ್ದು ನಿಮಗೆ, ನಿಮ್ಮ ಎಂಟುನೂರು ಫಾಲೋವರ್ಸ್‌ಗೆ ಅಲ್ಲ. ನಂಬಿ ಕೊಟ್ಟ ಕಾರ್ಡನ್ನ ಬೀದಿಗೆ ಹಾಕೋರಿಗೆ ಕ್ಯಾಶ್ ಕೌಂಟರ್ ನಂಬಿ ಯಾರು ಕೊಡ್ತಾರೆ?

📌 8/8

ಡಿಎಂಗೆ ಬಂದ ಎರಡು ಆಕ್ಷೇಪ, ಆಮೇಲೆ ಒಂದು ಬೇಡಿಕೆ.

ಆಕ್ಷೇಪ ಒಂದು: "ಇದೆಲ್ಲ ಚಮಚಾಗಿರಿ." ಅಲ್ಲ. ಅರ್ಹತೆ ಇಲ್ಲದೆ ಹೊಗಳಿ ಕೆಲಸ ಗಿಟ್ಟಿಸೋದು ಚಮಚಾಗಿರಿ. "ನನಗೆ ಇಷ್ಟು ಬರುತ್ತೆ, ಇಷ್ಟು ಕಲೀಬೇಕು" ಅಂತ ಹೆಸರು ಸಮೇತ ಬರೆದು ಕೊಡೋದು ಅದಕ್ಕೆ ತದ್ವಿರುದ್ಧ. ಮಾವನ ಫೋನ್ ಕಾಲ್‌ಗೆ "ಸಂಬಂಧ" ಅಂತ ಮರ್ಯಾದೆಯ ಹೆಸರು, ನಮ್ಮ ಕಾರ್ಡಿಗೆ ಚಮಚಾಗಿರಿ. ಚೆನ್ನಾಗಿದೆ ನಿಮ್ಮ ನ್ಯಾಯ.

ಆಕ್ಷೇಪ ಎರಡು: "ಕಾರ್ಡ್ ಕೊಟ್ಟ ತಕ್ಷಣ ಕೆಲಸ ಸಿಗುತ್ತಾ?" ಸಿಗಲ್ಲ. ಹತ್ತು ಜನರಲ್ಲಿ ಏಳು ಜನ ಉತ್ತರ ಕೊಡದೇ ಇರಬಹುದು. ಕೆಲಸ ಬರದವರಿಗೆ ಕಾರ್ಡ್ ಏನೂ ಮಾಡಲ್ಲ. ಕೆಲಸ ಬಂದೂ ಯಾರ ಕಣ್ಣಿಗೂ ಬೀಳದವರಿಗೆ ಮಾತ್ರ ಅದು ದಾರಿ. ನಮ್ಮ ಕ್ಲಾಸಲ್ಲಿ ಅಂಥವರು ತುಂಬ ಇದ್ದಾರೆ, ಅವರಿಗಾಗೇ ಇಷ್ಟುದ್ದ ಬರೆದೆ.

ಈಗ ಬೇಡಿಕೆ, ನಮ್ಮ ಕಾಲೇಜುಗಳಿಗೆ. ಕಾಮರ್ಸ್ ವಿಭಾಗದ ಕಾರ್ಯಕ್ರಮಕ್ಕೆ ದೊಡ್ಡ ಉದ್ಯಮಿ ಬರ್ತಾರೆ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಭಾಷಣ. ವಂದನಾರ್ಪಣೆ. ಅಲ್ಲಿಂದ ನೇರ ಪ್ರಿನ್ಸಿಪಾಲ್ ಛೇಂಬರ್, ಕಾಫಿ, ಕಾರು. ನಾನೂರು ವಿದ್ಯಾರ್ಥಿಗಳು ಕುರ್ಚಿ ತುಂಬಿಸೋಕೆ ಕೂತಿದ್ದು ಬಿಟ್ರೆ ಅವರಿಗೂ ನಮಗೂ ಒಂದು ಮಾತೂ ಆಗಿರಲ್ಲ. ಮಾರನೇ ದಿನ ಪೇಪರಲ್ಲಿ ಫೋಟೋ, ಅದರಲ್ಲಿ ನಾವಿಲ್ಲ. ಫಾರಂಗೆ ಮಾತ್ರ "ಇಂಡಸ್ಟ್ರಿ ಇಂಟರಾಕ್ಷನ್" ಅಂತ ಎಂಟ್ರಿ.

ಸರ್, ಮೇಡಂ, ಸ್ವಾಗತ ಭಾಷಣದಿಂದ ಹದಿನೈದು ನಿಮಿಷ ಕಡಿತ ಮಾಡಿ ಆ ಹದಿನೈದು ನಿಮಿಷ ನಮಗೆ ಕೊಡಿ. ಕಾಫಿ ಛೇಂಬರಲ್ಲಿ ಬೇಡ, ಹಾಲ್‌ನಲ್ಲೇ ಕೊಡಿ, ನಾವೇ ತಂದು ಕೊಡ್ತೀವಿ. ಎರಡು ಪ್ರಶ್ನೆ ಕೇಳ್ತೀವಿ, ಒಂದು ಕಾರ್ಡ್ ತಗೊಳ್ತೀವಿ. ಮಾವ ಇಲ್ಲದ ಮಕ್ಕಳಿಗೆ ಕಾಲೇಜೇ ಮಾವ ಆಗ್ಬೇಕು.

ಮತ್ತೆ ನೀವು, ಇಲ್ಲಿವರೆಗೂ ಓದಿದವರು: ಈ ತಿಂಗಳು ಗುರಿ ಕಾರ್ಡ್ ಹಂಚೋದಲ್ಲ, ಐದು ಕಾರ್ಡ್ ತಗೊಂಡು ಬರೋದು. ಐದಕ್ಕೂ ಎರಡು ದಿನದೊಳಗೆ ಮೆಸೇಜ್. ಮುಗಿದ ಮೇಲೆ "5/5" ಅಂತ ಕೆಳಗೆ ಕಾಮೆಂಟ್ ಹಾಕಿ. ಹೆಸರು ನಂಬರ್ ಹಾಕ್ಬೇಡಿ, ಏಳನೇ ಭಾಗ ನೆನಪಿದೆ ತಾನೇ?

#ಬಿಕಾಂ #ದಾವಣಗೆರೆ #ವಿಸಿಟಿಂಗ್‌ಕಾರ್ಡ್ #ಮಾವಇಲ್ಲದವರು